ಅತ್ತಿಯ ಗಲ್ಲ

ನಮ್ಮ ಮುಧೋಳದ ಕಡೆ ಮುಖಕ್ಕೆ ಮಾರಿ ಅಂತೇವಿ. ‘ಮಾರಿ ತೊಳ್ಕೊಂಡ್ ಬರ್ತೀನಿ’ ಅಂದರೆ ಬೆಂಗಳೂರಿನ ನನ್ನ ಆಫೀಸಿನ ಗೆಳತಿಯರಿಗೆ ಈಗಲೂ ನಗು. ಊರಲ್ಲಿ ಯಾರೇ ಎದುರು ಸಿಗಲಿ, ಮೊದಲು ಮಾರಿ ನೋಡುತ್ತಾರೆ, ಆಮೇಲೆ ‘ಯಾಕ, ಸೊರಗೀಯಲ್ಲ?’ ಎಂದು ಕೇಳುತ್ತಾರೆ. ಉಳಿದವರಿಗೆ ಅದೊಂದು ಕುಶಲ ಪ್ರಶ್ನೆ. ನಮ್ಮ ಅತ್ತಿಗೆ ಮಾತ್ರ ಹದಿನೈದು ವರ್ಷ ಚುಚ್ಚಿದ ಪ್ರಶ್ನೆ.

ಅತ್ತಿ ಎಚ್‌ಐವಿ ಜತೆ ಬದುಕುತ್ತಿದ್ದಾಳೆ. ಅವಳನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ‘ಬರಿ, ಆದರ ಯಾವ ಅತ್ತಿ ಅಂತ ಬರೀಬ್ಯಾಡ’ ಅಂದಳು. ನಮ್ಮಪ್ಪನಿಗೆ ಅಕ್ಕತಂಗಿಯರು ಬಹಳ ಜನ, ಹುಡುಕುವವರು ಹುಡುಕಿಕೊಳ್ಳಲಿ.

ಬಾಗಲಕೋಟೆ ಜಿಲ್ಲೆಗೆ ಈ ಕಾಯಿಲೆ ಹೊಸದಲ್ಲ. 2000ದ ದಶಕದ ಮೊದಲಲ್ಲಿ ರಾಜ್ಯದಲ್ಲಿ ಸೋಂಕು ಹೆಚ್ಚಿದ್ದ ಜಿಲ್ಲೆಗಳಲ್ಲಿ ನಮ್ಮದೂ ಒಂದು. ಪೇಟೆಯಲ್ಲಷ್ಟೇ ಅಲ್ಲ, ಹಳ್ಳಿಗಳಲ್ಲೂ ಇತ್ತು. ಲಾರಿ ಓಡಿಸುತ್ತಿದ್ದ ಮಾವ ಯಾವ ಔಷಧಿಯೂ ಸಿಗುವ ಮೊದಲೇ ಹೋದ. 2004ರ ಏಪ್ರಿಲ್ 1ರಂದು ಕೇಂದ್ರ ಸರ್ಕಾರ ಉಚಿತ ಎಆರ್‌ಟಿ ಮಾತ್ರೆ ಕೊಡಲು ಶುರು ಮಾಡಿತು. ಸೋಂಕು ಹೆಚ್ಚಿದ್ದ ಆರು ರಾಜ್ಯಗಳಿಂದ ಆರಂಭ, ಅದರಲ್ಲಿ ಕರ್ನಾಟಕವೂ ಇತ್ತು. ಅತ್ತಿಗೆ ಆ ಮಾತ್ರೆ ಸಿಕ್ಕಿದ್ದು ಅದಾಗಿ ಎರಡು ವರ್ಷಕ್ಕೆ. ಅವಳು ಇವತ್ತು ಇದ್ದಾಳೆ ಅಂದರೆ ಆ ಮಾತ್ರೆಯಿಂದ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದು ಓದಿ ಯಾರೂ ಮಾತ್ರೆ ಬಿಡಬಾರದು.

ಆಗಿನ ಮಾತ್ರೆಯಲ್ಲಿ ಸ್ಟಾವುಡಿನ್ ಎಂಬ ಔಷಧಿ ಇರುತ್ತಿತ್ತು. ಅಗ್ಗ, ಪರಿಣಾಮಕಾರಿ. ಆದರೆ ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಅನೇಕರ ಗಲ್ಲದ, ಕೈಕಾಲಿನ ಕೊಬ್ಬು ಕರಗಿಹೋಗುತ್ತಿತ್ತು. ವೈರಸ್ ಹಿಡಿತಕ್ಕೆ ಬರುತ್ತಿತ್ತು, ತೂಕ ಏರುತ್ತಿತ್ತು, ಗಲ್ಲ ಮಾತ್ರ ಒಳಗೆ ಇಳಿಯುತ್ತಿತ್ತು. ಕಣ್ಣಿನ ಕೆಳಗೆ ಮೂಳೆ, ಅದರ ಕೆಳಗೆ ಒಂದು ತಗ್ಗು. ನಮ್ಮೂರಿನ ಹುಡುಗರು ‘ಮುಧೋಳ ನಾಯಿ ಮಾರಿ’ ಅಂತಿದ್ದರು. ನಾಯಿಗೆ ಆ ಉದ್ದ ಮಾರಿ ಒಪ್ಪುತ್ತದೆ, ಲೋಕವೆಲ್ಲ ಹೊಗಳುತ್ತದೆ. ಅತ್ತಿಯ ವಿಷಯದಲ್ಲಿ ಆ ತಗ್ಗು ಗುರುತಿನ ಚೀಟಿಯಾಯಿತು. ಬಾಗಲಕೋಟೆಯ ಎಆರ್‌ಟಿ ಕೇಂದ್ರದ ಸಾಲಿನಲ್ಲಿ ನಿಂತವರಲ್ಲಿ ಬಹಳ ಜನಕ್ಕೆ ಅಂಥದೇ ಗಲ್ಲ ಇತ್ತಂತೆ. ಬಸ್ಸಿನಲ್ಲಿ ಅಂಥ ಇನ್ನೊಂದು ಮುಖ ಕಂಡರೆ ಇಬ್ಬರೂ ಬೇರೆ ಕಡೆ ನೋಡುತ್ತಿದ್ದರಂತೆ. 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸ್ಟಾವುಡಿನ್ ಬಳಕೆ ಹಂತಹಂತವಾಗಿ ನಿಲ್ಲಿಸಿ ಎಂದಿತು. ಕೆಲವು ವರ್ಷಗಳಲ್ಲಿ ಅತ್ತಿಯ ಮಾತ್ರೆಯೂ ಬದಲಾಯಿತು. ಹೋದ ಕೊಬ್ಬು ಮಾತ್ರ ತಿರುಗಿ ಬರಲಿಲ್ಲ.

ಹೋದ ವರ್ಷ ಅತ್ತಿಯ ಮಗಳ ಮದುವೆ ಗೊತ್ತಾಯಿತು. ಮಗಳಿಗೆ ಒಂದೇ ಹಟ, ಫೋಟೊದಲ್ಲಿ ಅವ್ವನ ಗಲ್ಲ ತುಂಬಿರಬೇಕು. ನಮ್ಮ ಕಡೆಯದೇ ಒಂದು ಪೇಟೆಯ ಬ್ಯೂಟಿ ಪಾರ್ಲರಿನವರು ಮದುವೆ ಪ್ಯಾಕೇಜಿನ ಜತೆ ‘ಕೊಲಾಜೆನ್ ಇಂಜೆಕ್ಷನ್’ ಕೊಡುತ್ತೇವೆ, ವಾರದಲ್ಲಿ ಗಲ್ಲ ತುಂಬುತ್ತದೆ, ಬೇಡವಾದರೆ ಕರಗಿಸಲೂಬಹುದು ಅಂದಿದ್ದರು. ತಂಗಿ ನನಗೆ ಫೋನ್ ಮಾಡಿದಳು. ಯಾವ ಔಷಧಿ, ಹೆಸರೇನು ಅಂತ ಕೇಳಿಸಿದೆ. ‘ಫಾರೆನ್‌ದು’ ಎಂಬ ಉತ್ತರ ಬಂತು. ಹಾಕುವವರು ಡಾಕ್ಟರೇನು ಅಂದರೆ ‘ಟ್ರೇನಿಂಗ್ ಆಗೇತಿ’. ನಮ್ಮ ಆಫೀಸಿನಲ್ಲಿ ಆಪ್‌ನ ಒಂದು ಬಟನ್ ಬಣ್ಣ ಬದಲಿಸಬೇಕಾದರೂ ಕೆಟ್ಟರೆ ಹಿಂದಕ್ಕೆ ತರುವುದು ಹೇಗೆ ಎಂದು ಬರೆದುಕೊಡಬೇಕು. ಇಲ್ಲಿ ಅತ್ತಿಯ ಮಾರಿ. ಬ್ಯಾಡ ಅಂದೆ, ಒಂದು ವಾರ ಟೈಮ್ ಕೊಡು ಅಂದೆ.

ಆ ವಾರ ಓದಿದ್ದರಲ್ಲಿ ನನ್ನ ನಿದ್ದೆ ಕೆಡಿಸಿದ್ದು ಒಂದು ಇಸವಿ. ಈ ಕೊಲಾಜೆನ್ ಇಂಜೆಕ್ಷನ್‌ಗಳಲ್ಲಿ ಹೆಸರಾದದ್ದು ಪಾಲಿ-ಎಲ್-ಲ್ಯಾಕ್ಟಿಕ್ ಆಸಿಡ್, ಮಾರುಕಟ್ಟೆಯಲ್ಲಿ ಸ್ಕಲ್ಪ್‌ಟ್ರಾ. ಸಿನಿಮಾದವರು, ಶ್ರೀಮಂತರು ಹಾಕಿಸಿಕೊಳ್ಳುವುದು ಅಂದುಕೊಂಡಿದ್ದೆ. ಅಮೆರಿಕದ ಎಫ್‌ಡಿಎ ಅದಕ್ಕೆ ಮೊದಲ ಅನುಮತಿ ಕೊಟ್ಟದ್ದು ಎಚ್‌ಐವಿ ಇರುವವರ ಇಳಿದ ಗಲ್ಲ ತುಂಬಲಿಕ್ಕೆ, 2004ರ ಆಗಸ್ಟಿನಲ್ಲಿ. ಸೌಂದರ್ಯಕ್ಕೆ ಅನುಮತಿ ಸಿಕ್ಕಿದ್ದು ಐದು ವರ್ಷ ಆದ ಮೇಲೆ, 2009ರಲ್ಲಿ. ಅಂದರೆ ನಮ್ಮಲ್ಲಿ ಗಲ್ಲ ಇಳಿಸುವ ಮಾತ್ರೆ ಉಚಿತವಾಗಿ ಬಂದ ವರ್ಷವೇ ಇನ್ನೊಂದು ದೇಶದಲ್ಲಿ ಗಲ್ಲ ತುಂಬುವ ಔಷಧಿ ಬಂದಿತ್ತು. ಅತ್ತಿಯಂಥವರಿಗಾಗಿ ಒಪ್ಪಿಗೆ ಸಿಕ್ಕ ವಸ್ತು ಇಪ್ಪತ್ತು ವರ್ಷದ ನಂತರ ಪಾರ್ಲರಿನ ಪ್ಯಾಕೇಜಾಗಿ ಅವಳ ಬಾಗಿಲಿಗೆ ಬಂತು. ಸಿಟ್ಟು ಯಾರ ಮೇಲೆ ಮಾಡುವುದು?

ಇದು ಕೆಲಸ ಮಾಡುವ ರೀತಿ ಅತ್ತಿಗೆ ಹೇಳಿದ್ದು ಹೊಲದ ಲೆಕ್ಕದಲ್ಲಿ. ಸಾಮಾನ್ಯ ಫಿಲ್ಲರ್ ಅಂದರೆ ಹೈಯಲುರಾನಿಕ್ ಆಸಿಡ್, ತಗ್ಗಿಗೆ ಮಣ್ಣು ತಂದು ಸುರಿದಂತೆ. ಅವತ್ತೇ ತುಂಬಿ ಕಾಣುತ್ತದೆ. ಇದು ಹಾಗಲ್ಲ, ಬೇರು ಹಿಡಿಸಿ ಮಣ್ಣು ತಾನೇ ನಿಲ್ಲುವಂತೆ ಮಾಡಿದಂತೆ. ಕರಗುವ ಹೊಲಿಗೆ ದಾರದ ಜಾತಿಯದೇ ಪುಡಿ, ಶುದ್ಧ ನೀರಿನಲ್ಲಿ ಕಲಸಿ ಚರ್ಮದ ಆಳಕ್ಕೆ ಹಾಕುತ್ತಾರೆ. ನೀರು ಕೆಲವೇ ದಿನದಲ್ಲಿ ಇಂಗಿಹೋಗುತ್ತದೆ. ಉಳಿದ ಕಣಗಳ ಸುತ್ತ ದೇಹ ತಾನೇ ಹೊಸ ಕೊಲಾಜೆನ್ ಕಟ್ಟುತ್ತದೆ, ಕಣಗಳು ತಿಂಗಳುಗಟ್ಟಲೆ ನಿಧಾನಕ್ಕೆ ಕರಗುತ್ತವೆ. ಸಾಮಾನ್ಯವಾಗಿ ಕೆಲವು ವಾರಗಳ ಅಂತರದಲ್ಲಿ ಎರಡು–ಮೂರು ಸಲ ಹಾಕಿಸಬೇಕು, ಫಲ ಎರಡು ವರ್ಷದವರೆಗೂ ಇರಬಹುದು. ಇದೇ ಜಾತಿಯ ಇನ್ನೊಂದು ಕ್ಯಾಲ್ಸಿಯಂ ಹೈಡ್ರಾಕ್ಸಿಲಪಟೈಟ್, ನಮ್ಮ ಮೂಳೆಯಲ್ಲಿರುವ ಖನಿಜ. ಅದು ಜೆಲ್‌ನಲ್ಲಿ ಬರುವುದರಿಂದ ಅವತ್ತೇ ಸ್ವಲ್ಪ ತುಂಬಿ ಕಾಣುತ್ತದೆ, ಎಕ್ಸ್‌ರೇಯಲ್ಲೂ ಕಾಣುತ್ತದೆ.

ಪಾರ್ಲರಿನವರ ಮಾತಿನ ಸುಳ್ಳು ಇಲ್ಲಿತ್ತು. ಹೈಯಲುರಾನಿಕ್ ಆಸಿಡ್ ಹೆಚ್ಚುಕಡಿಮೆಯಾದರೆ ಹೈಯಲುರಾನಿಡೇಸ್ ಎಂಬ ಇಂಜೆಕ್ಷನ್ ಕೊಟ್ಟು ಕರಗಿಸಬಹುದು. ಕೊಲಾಜೆನ್ ಬೆಳೆಸುವ ಈ ಎರಡಕ್ಕೂ ಅಂಥ ಮರುಮದ್ದಿಲ್ಲ. ವಾರದಲ್ಲಿ ತುಂಬುತ್ತದೆ ಅಂದರೆ ಅದು ಇದಲ್ಲ, ಇದಾದರೆ ಕರಗಿಸಲು ಬರುವುದಿಲ್ಲ. ಎರಡೂ ಮಾತು ಒಟ್ಟಿಗೆ ಹೇಳುವವರಿಗೆ ತಮ್ಮ ಸಿರಿಂಜಿನಲ್ಲಿ ಏನಿದೆ ಎಂದೇ ಗೊತ್ತಿಲ್ಲ.

ಬೆಂಗಳೂರಿನಲ್ಲಿ ಒಬ್ಬ ಚರ್ಮತಜ್ಞೆಯನ್ನು ಕಂಡೆವು. ಹೋಗುವ ಮೊದಲು ಮನೆಯಲ್ಲಿ ಅರ್ಧ ರಾತ್ರಿ ವಾದ, ಎಚ್‌ಐವಿ ವಿಷಯ ಹೇಳಬೇಕೋ ಬೇಡವೋ ಅಂತ. ಹೇಳಿದರೆ ಹೊರಗೆ ಕಳಿಸ್ತಾರೆ ಅಂತ ಅತ್ತಿ. ಹಾಗೆ ಕಳಿಸುವುದು, ಅವಳ ಒಪ್ಪಿಗೆ ಇಲ್ಲದೆ ಇನ್ನೊಬ್ಬರಿಗೆ ಹೇಳುವುದು 2017ರ ಎಚ್‌ಐವಿ ಕಾಯ್ದೆಯ ಪ್ರಕಾರ ತಪ್ಪು ಎಂದು ನಾನು. ‘ಕಾಯ್ದೆ ನಿನ್ನ ಮೊಬೈಲ್‌ನ್ಯಾಗ ಐತಿ, ಮಾರಿ ನನ್ನ ಕಡೆ ಐತಿ’ ಅಂದಳು. ಕೊನೆಗೆ ಡಾಕ್ಟರ ಮುಂದೆ ಕೂತು, ಅವರು ಕೇಳುವ ಮೊದಲೇ ತಾನೇ ಹೇಳಿದಳು. ಡಾಕ್ಟರು ತಲೆ ಎತ್ತಲೂ ಇಲ್ಲ, ಬರೆಯುತ್ತಲೇ ‘ಯಾವ ವರ್ಷದಿಂದ ಮಾತ್ರೆ? ವೈರಲ್ ಲೋಡ್ ರಿಪೋರ್ಟ್ ತಂದಿದ್ದೀರಾ?’ ಅಂದರು. ಅತ್ತಿ ನನ್ನ ಕೈ ಹಿಡಿದಿದ್ದು ಆಗಲೇ ಬಿಟ್ಟಿದ್ದು.

ಪ್ರಶ್ನೆಗಳು ಬಹಳ ಇದ್ದವು. ಗಾಯವಾದರೆ ಕಲೆ ಉಬ್ಬಿ ಗಂಟಾಗುತ್ತದೆಯೇ (ಹಾಗಿದ್ದರೆ ಇದು ಬೇಡ), ರಕ್ತ ತೆಳುವಾಗುವ ಮಾತ್ರೆ ಇದೆಯೇ, ಮುಖದಲ್ಲಿ ಗುಳ್ಳೆ ಸೋಂಕು ಇದೆಯೇ, ಹಲ್ಲುನೋವು ಇದೆಯೇ, ಹಿಂದೆ ಯಾರಾದರೂ ಏನಾದರೂ ಚುಚ್ಚಿದ್ದಾರೆಯೇ. ಆಮೇಲೆ ಅವರೇ ಅಪಾಯಗಳನ್ನು ಹೇಳಿದರು. ಊತ, ಕಂದುಗಟ್ಟುವುದು ಸಾಮಾನ್ಯ. ಚರ್ಮದ ಕೆಳಗೆ ಗಂಟು ಏಳಬಹುದು, ಅದೂ ತಿಂಗಳುಗಳ ನಂತರ. ಮೊದಮೊದಲು ಕಡಿಮೆ ನೀರಿನಲ್ಲಿ ಗಟ್ಟಿಯಾಗಿ ಕಲಸಿ ಮೇಲ್ಪದರದಲ್ಲೇ ಹಾಕುತ್ತಿದ್ದಾಗ ಗಂಟು ಹೆಚ್ಚು ಇದ್ದವಂತೆ, ಈಗ ಕಡಿಮೆ. ತುಟಿಗೆ, ಕಣ್ಣಿನ ಸುತ್ತ ಇದನ್ನು ಹಾಕುವುದಿಲ್ಲ. ಎಲ್ಲಕ್ಕಿಂತ ದೊಡ್ಡ ಅಪಾಯ, ಅಪರೂಪವಾದರೂ, ಔಷಧಿ ರಕ್ತನಾಳದೊಳಗೆ ಹೋಗುವುದು. ಚರ್ಮ ಸಾಯಬಹುದು, ಕಣ್ಣೇ ಹೋಗಬಹುದು. ಚುಚ್ಚಿದ ಮೇಲೆ ಚರ್ಮ ಬಿಳಚಿದರೆ, ಬಲೆಯಂತೆ ನೀಲಿಯಾದರೆ, ಮಿತಿಮೀರಿ ನೋವಾದರೆ, ದೃಷ್ಟಿ ಮಂಜಾದರೆ ಬೆಳಗಿನವರೆಗೆ ಕಾಯಬಾರದು, ಆ ಕ್ಷಣವೇ ಆಸ್ಪತ್ರೆ. ನಾನು ತಿರುಗಿ ಕೇಳಿದ್ದು, ಹಾಗಾದರೆ ಇಲ್ಲಿ ಏನು ವ್ಯವಸ್ಥೆ ಇದೆ ಎಂದು. ಕೋಪ ಮಾಡಿಕೊಳ್ಳದೆ ತೋರಿಸಿದರು. ಗೋಡೆಯ ಮೇಲೆ ಕೆಪಿಎಂಇ ನೋಂದಣಿ ಪ್ರಮಾಣಪತ್ರ ಇತ್ತು, ರಾಜ್ಯದ ಪ್ರತಿ ಖಾಸಗಿ ಕ್ಲಿನಿಕ್ಕಿನಲ್ಲೂ ಅದು ಕಾಣುವಂತೆ ಇರಬೇಕು. ಚುಚ್ಚುವ ದಿನ ಸೀಲು ಒಡೆಯದ ಬಾಟಲಿಯನ್ನು ನಮ್ಮೆದುರೇ ತೆರೆದು, ಅದರ ಬ್ಯಾಚ್ ಸಂಖ್ಯೆಯ ಚೀಟಿಯನ್ನು ಅತ್ತಿಯ ಫೈಲಿಗೆ ಅಂಟಿಸಿದರು.

ಆ ದಿನ ಬಂದದ್ದು ಮದುವೆ ಆದ ಮೇಲೆ. ‘ಮದುವೆಗೆ ಇಪ್ಪತ್ತು ದಿನ ಇದ್ದಾಗ ನಾನು ಹಾಕುವುದಿಲ್ಲ, ಅಷ್ಟರಲ್ಲಿ ಏನೂ ಕಾಣುವುದೂ ಇಲ್ಲ’ ಎಂದು ಡಾಕ್ಟರು ವಾಪಸ್ ಕಳಿಸಿದ್ದರು. ತಂಗಿ ಅತ್ತಳು. ಮದುವೆಯ ಫೋಟೊಗಳಲ್ಲಿ ಅತ್ತಿ ಗಲ್ಲದ ಮೇಲೆ ಸೆರಗು ಎಳೆದುಕೊಂಡೇ ನಿಂತಿದ್ದಾಳೆ.

ಮೊದಲ ಸಲ ಚುಚ್ಚಿದ ದಿನ ಗಲ್ಲ ಭರ್ತಿ ತುಂಬಿತ್ತು. ನಾಲ್ಕನೇ ದಿನ ಮತ್ತೆ ಮೊದಲಿನ ತಗ್ಗು. ‘ರೊಕ್ಕ ನೀರಾತು’ ಅಂದಳು. ಅಕ್ಷರಶಃ ನಿಜ, ಹೋಗಿದ್ದು ನೀರೇ. ಐದು ದಿನ, ದಿನಕ್ಕೆ ಐದು ಸಲ, ಐದೈದು ನಿಮಿಷ ಗಲ್ಲ ತಿಕ್ಕಬೇಕು ಎಂಬ ಪಾಠ ಇತ್ತು. ರೊಟ್ಟಿ ಬಡಿಯುವುದರ ನಡುವೆ ಕೈ ತೊಳೆದು, ಗಡಿಯಾರ ನೋಡುತ್ತ ತಿಕ್ಕಿದಳು. ಆರು ವಾರ ಬಿಟ್ಟು ಎರಡನೆಯದು. ಬದಲಾವಣೆ ಯಾವಾಗ ಶುರುವಾಯಿತು ಎಂದು ನನಗೆ ಹೇಳಲು ಬರುವುದಿಲ್ಲ. ವಿಡಿಯೊ ಕಾಲ್‌ನಲ್ಲಿ ಒಂದು ಸಂಜೆ ದೀಪ ಒಂದು ಕಡೆಯಿಂದ ಬೀಳುತ್ತಿತ್ತು, ಗಲ್ಲದಲ್ಲಿ ಆ ಕಪ್ಪು ನೆರಳು ಬಿದ್ದಿರಲಿಲ್ಲ, ಅಷ್ಟೇ.

ಈ ನಿಧಾನವೇ ಅತ್ತಿಗೆ ಒದಗಿ ಬಂತು ಅಂತ ನನ್ನ ಅನಿಸಿಕೆ. ಒಂದೇ ವಾರದಲ್ಲಿ ಮಾರಿ ಬದಲಾಗಿದ್ದರೆ ಊರಿಗೆಲ್ಲ ಉತ್ತರ ಕೊಡಬೇಕಿತ್ತು. ತಿಂಗಳಿಗೆ ಒಂದು ಕೂದಲೆಳೆಯಷ್ಟು ತುಂಬಿದ ಗಲ್ಲಕ್ಕೆ ಯಾರೂ ಲೆಕ್ಕ ಕೇಳುವುದಿಲ್ಲ. ಬೀಗರ ಮನೆಯ ಹೆಂಗಸೊಬ್ಬಳು ‘ಮಗಳ ಮದುವಿ ಚಿಂತಿ ಹ್ವಾತು, ಮೈ ಹಿಡದೀರಿ’ ಅಂದಳಂತೆ. ಅತ್ತಿ ಹೌದ್ರೀ ಅಂದಳಂತೆ.

ಒಂದೊಂದು ಸಲಕ್ಕೂ ಹತ್ತಾರು ಸಾವಿರ ರೂಪಾಯಿ, ನನ್ನ ಸಂಬಳದಲ್ಲೂ ಯೋಚಿಸಿ ಕೊಡುವಂಥದ್ದು. ಆ ಸಾಲಿನಲ್ಲಿ ಅತ್ತಿಯ ಜತೆ ನಿಂತ ಉಳಿದವರಿಗೆ ಬೆಂಗಳೂರಿನಲ್ಲಿ ಸಂಬಳದ ಸೊಸೆ ಎಲ್ಲಿಂದ ಬರಬೇಕು? ಮಾತ್ರೆ ಉಚಿತವಾಗಿ ಬಂತು, ಗಲ್ಲ ಬರಲಿಲ್ಲ.

ಮೂರನೆಯ ಸಲಕ್ಕೆ ಟಿಕೆಟ್ ಮಾಡಲೇ ಎಂದು ಕೇಳಿದೆ. ‘ಸಾಕ ಬಿಡು. ಪೂರಾ ತುಂಬಿದ್ರ ಅದು ನನ್ನ ಮಾರಿ ಆಗಂಗಿಲ್ಲ’ ಅಂದಳು. ಡಾಕ್ಟರೂ ಒತ್ತಾಯ ಮಾಡಲಿಲ್ಲ. ಆರು ತಿಂಗಳು ಬಿಟ್ಟು ಗಂಟೇನಾದರೂ ಎದ್ದಿದೆಯೇ ನೋಡಲು ಒಮ್ಮೆ ಬನ್ನಿ ಅಂದಿದ್ದಾರೆ. ಕಬ್ಬು ಕಾರ್ಖಾನಿಗೆ ಹೋದ ಮೇಲೆ ಬರ್ತೇನಿ ಅಂದಿದ್ದಾಳೆ.