ಮಗು ನೋಡಿಕೊಳ್ಳಲು ಪರದೇಶಕ್ಕೆ

ಹೋದ ಬೇಸಿಗೆ ರಜೆಯಲ್ಲಿ ಒಂದು ದಿನ ರಾಯದುರ್ಗದಿಂದ ಒಬ್ಬರು ಅಗಳಿ ಹತ್ತಿರದ ನಮ್ಮ ಮನೆ ಹುಡುಕಿಕೊಂಡು ಬಂದರು. ಮೊದಲು ನನಗೆ ಗುರುತು ಸಿಗಲಿಲ್ಲ. "ನಮ್ಮ ಹುಡುಗಿ ನಿಮ್ಮ ಹತ್ರ ಐದನೇ ಕ್ಲಾಸು ಓದ್ಯಾಳ್ರಿ" ಅಂದ ಮೇಲೆ ನೆನಪಾಯಿತು. ನನಗೆ ಮೊದಲು ಕೆಲಸ ಸಿಕ್ಕಿದ್ದು ರಾಯದುರ್ಗದ ಕಡೆ, ಡಿ. ಹಿರೇಹಾಳ್ ಮಂಡಲದ ಒಂದು ಕನ್ನಡ ಶಾಲೆಯಲ್ಲಿ. ಇವರು ಜೀನ್ಸ್ ಪ್ಯಾಂಟು ಹೊಲಿಯುವವರು. ರಾಯದುರ್ಗದಲ್ಲಿ ಅದೇ ಕೆಲಸದ ಮನೆಗಳು ಬೀದಿಗಟ್ಟಲೆ ಇವೆ.

ನೀರು ಕುಡಿದು, ಬಿಸಿಲಿನ ಮಾತಾಡಿ, ಆಮೇಲೆ ವಿಷಯ ತೆಗೆದರು. "ಜರ್ಮನಿಗೆ ಹೋಗ್ತೀನಿ ಅಂತ ಹಟ ಹಿಡದಾಳ್ರಿ. ಓದಾಕಲ್ಲ. ಯಾರ್ದೋ ಮನ್ಯಾಗ ಇದ್ದು ಕೂಸು ನೋಡ್ಕೊಳ್ಳಾಕ. ಬಳ್ಳಾರಿಗೆ ಕಳಿಸಿ ಬಿಎಸ್ಸಿ ಓದಿಸಿದ್ದು ಇದಕ್ಕೇನ್ರಿ? ನಿಮ್ಮ ತಾಯಿಯವ್ರು ಕುವೈಟಿಗೆ ಹೋಗಿದ್ರಂತಲ್ಲ, ನೀವಾ ಹೇಳ್ರಿ."

ನಾನು ತಕ್ಷಣ ಏನೂ ಹೇಳಲಿಲ್ಲ. ಅಮ್ಮ ಹೋದದ್ದು ಒಳ್ಳೆಯದಾಯಿತಾ ಕೆಟ್ಟದ್ದಾಯಿತಾ ಅಂತ ನಮ್ಮ ಮನೆಯಲ್ಲಿ ಇಪ್ಪತ್ತು ವರ್ಷದಿಂದ ಯಾರೂ ಬಾಯಿಬಿಟ್ಟು ಕೇಳಿಲ್ಲ.

ಅಮ್ಮ ಹೋದದ್ದು 1998ರಲ್ಲಿ. ನನಗೆ ಹನ್ನೊಂದು ವರ್ಷ, ತಮ್ಮನಿಗೆ ನಾಲ್ಕು. ಮಡಕಶಿರಾ ಸೀಮೆಯಿಂದ ಕುವೈತ್‌ಗೆ ಹೋಗುವವರು ಕಡಿಮೆ. ನಮ್ಮವರಿಗೆ ಕೂಲಿ ಅಂದರೆ ಬೆಂಗಳೂರೇ. ಕುವೈತ್ ದಾರಿ ಗೊತ್ತಿದ್ದದ್ದು ಕಡಪ, ರಾಯಚೋಟಿ, ಕದಿರಿ ಕಡೆಯ ಹೆಂಗಸರಿಗೆ. ಕದಿರಿಯಲ್ಲಿದ್ದ ನಮ್ಮ ಸಂಬಂಧಿಕರೊಬ್ಬರ ಮೂಲಕವೇ ಅಮ್ಮನಿಗೂ ವೀಸಾ ಬಂತು. ಎರಡು ವರ್ಷ ಸತತವಾಗಿ ಕಡ್ಲೆಕಾಯಿ ಕೈಕೊಟ್ಟಿತ್ತು. ಕಡ್ಲೆಕಾಯಿ ಕೀಳುವ ಕೂಲಿ ದಿನಕ್ಕೆ ಇಪ್ಪತ್ತೈದು ರೂಪಾಯಿ. ಅಲ್ಲಿ ತಿಂಗಳಿಗೆ 40 ದಿನಾರ್ ಅಂದರು, ಆಗಿನ ಲೆಕ್ಕದಲ್ಲಿ ಐದೂವರೆ ಸಾವಿರ. ಯಾರು ತಾನೇ ಬೇಡ ಅನ್ನುತ್ತಾರೆ?

ಅಮ್ಮ ಆರು ವರ್ಷ ಇದ್ದಳು. ಐದು ಮಕ್ಕಳ ಮನೆ. ಕೊನೆಯ ಇಬ್ಬರು ಪೂರ್ತಿ ಅವಳ ಕೈಯಲ್ಲೇ. ರಾತ್ರಿ ಆ ಮಕ್ಕಳ ಕೋಣೆಯಲ್ಲೇ ನೆಲದ ಮೇಲೆ ಹಾಸಿಗೆ. ರಂಜಾನ್ ತಿಂಗಳಲ್ಲಿ ಬೆಳಗಿನ ಜಾವದ ಊಟ ಮುಗಿದು ಪಾತ್ರೆ ತೊಳೆದ ಮೇಲೆ ಮಲಗುವುದು. ಹೊಡೆದವರಲ್ಲ, ಬೈದವರಲ್ಲ, ಹೊಟ್ಟೆಗೆ ಕಡಿಮೆ ಮಾಡಿದವರಲ್ಲ. ಇದನ್ನು ಅಮ್ಮ ಈಗಲೂ ಒತ್ತಿ ಹೇಳುತ್ತಾಳೆ. ಆದರೆ ಪಾಸ್‌ಪೋರ್ಟು ಯಜಮಾನನ ಬೀರುವಿನಲ್ಲಿ, ಬೀರುವಿನ ಬೀಗದ ಕೈ ಯಜಮಾನನ ಜೇಬಿನಲ್ಲಿ. ಒಬ್ಬಳೇ ಬಾಗಿಲು ದಾಟಿದ್ದಿಲ್ಲ. ವಾರದ ರಜೆ ಅನ್ನುವ ಮಾತೇ ಅವಳಿಗೆ ಗೊತ್ತಿರಲಿಲ್ಲ. ಅಲ್ಲಿನ ಖಾಸಗಿ ಕೆಲಸಗಾರರ ಕಾನೂನಿನಲ್ಲಿ ಮನೆಗೆಲಸದವರನ್ನು ಆಗ ಸೇರಿಸಿಯೇ ಇರಲಿಲ್ಲ ಅಂತ ನಾನು ಓದಿ ತಿಳಿದದ್ದು ಬಹಳ ವರ್ಷಗಳಾದ ಮೇಲೆ.

1999ರ ಮಳೆಗಾಲದಲ್ಲಿ ನಾನು ದೊಡ್ಡವಳಾದೆ. ಅಜ್ಜಿ ಗುಡ್ಲು ಹಾಕಿಸಿ, ಚಿಗಳಿ ಉಂಡೆ ಮಾಡಿ, ನಾಲ್ಕು ಜನರನ್ನು ಕರೆದು ಆರತಿ ಎತ್ತಿಸಿದಳು. ನಮ್ಮೂರಲ್ಲಿ ಫೋನಿರಲಿಲ್ಲ. ಅಜ್ಜಿ ಹಾಡನ್ನೆಲ್ಲ ಕ್ಯಾಸೆಟ್ಟಿನಲ್ಲಿ ತುಂಬಿಸಿ, ಕೊನೆಗೆ "ನಿನ್ನ ಮಗಳು ನೆರೆದವ್ಳೆ ಕಣೇ" ಅಂತ ಹೇಳಿ, ಕುವೈತ್‌ಗೆ ಹೊರಟಿದ್ದ ಕದಿರಿಯ ಒಬ್ಬರ ಕೈಯಲ್ಲಿ ಕಳಿಸಿದಳು. ಅದು ಅಮ್ಮನ ಕೈ ಸೇರಿದ್ದು ಇಪ್ಪತ್ತೆರಡು ದಿನದ ಮೇಲೆ. ಅಮ್ಮ ತಿರುಗಿ ಕಳಿಸಿದ ಕ್ಯಾಸೆಟ್ಟಿನಲ್ಲಿ ಮೊದಲು ಬಹಳ ಹೊತ್ತು ಏನೂ ಕೇಳಿಸುವುದಿಲ್ಲ. ಆಮೇಲೆ ಒಂದು ಮಗು ಕೂಗುತ್ತದೆ, "ಅಮ್ಮಾ, ಹಾಲು ಬೇಡ!" ಅಚ್ಚ ಕನ್ನಡದಲ್ಲಿ. ಆ ಅರಬ್ಬಿ ಹುಡುಗನಿಗೆ ಮಾತು ಕಲಿಸಿದ್ದು ನಮ್ಮಮ್ಮ. ಆ ಕ್ಯಾಸೆಟ್ಟನ್ನು ನಾನು ಮತ್ತೆ ಹಾಕಲಿಲ್ಲ. ಆ ಹುಡುಗನ ಮೇಲೆ ನನಗಿದ್ದ ಹೊಟ್ಟೆಕಿಚ್ಚು ಎಷ್ಟು ವರ್ಷ ಇತ್ತು ಅಂತ ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ.

ಲಾಭದ ಮಾತಿಗೆ ಬರೋಣ. ಲಾಭ ಆಯಿತು, ಸುಳ್ಳು ಹೇಳಬಾರದು. ಎರಡು ಅಂಕಣದ ಆರ್‌ಸಿಸಿ ಮನೆ ಎದ್ದಿತು. ನಾನು ಟೀಚರ್ ಟ್ರೈನಿಂಗ್ ಓದಿದೆ. ಚಿಕ್ಕಮ್ಮನ ಮದುವೆ ಆಯಿತು. ಆದರೆ ಡ್ರಾಫ್ಟು ಬರುತ್ತಿದ್ದದ್ದು ಅಪ್ಪನ ಹೆಸರಿಗೆ, ಅಮ್ಮನಿಗೆ ಬ್ಯಾಂಕ್ ಖಾತೆಯೇ ಇರಲಿಲ್ಲ. ಅಪ್ಪ ಕುಡುಕರಲ್ಲ, ಇಸ್ಪೀಟು ಆಡಿದವರಲ್ಲ. ಅವರು ಬೋರು ಹಾಕಿಸಿದರು. ಮೊದಲನೆಯದು ಧೂಳು. ಎರಡನೆಯದೂ ಧೂಳು. ಮೂರನೆಯದರಲ್ಲಿ ಒಂದೂವರೆ ಇಂಚು ನೀರು ಬಂದು, ಎರಡು ವರ್ಷ ಹಿಪ್ಪುನೇರಳೆ ಬೆಳೆದು, ಆಮೇಲೆ ಅದೂ ನಿಂತಿತು. ಅನಂತಪುರ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಮ್ಮನ ಮೂರು ವರ್ಷದ ದುಡಿಮೆ ಭೂಮಿಯೊಳಗೆ ಹೋಯಿತು. 2004ರಲ್ಲಿ ಅವಳು ವಾಪಸ್ ಬಂದಾಗ ಅವಳದ್ದು ಅಂತ ಇದ್ದದ್ದು ಒಂದು ಸೂಟ್‌ಕೇಸು, ಎರಡು ದಪ್ಪ ರಗ್ಗು, ಮನೆಯೊಡತಿ ಕೊಟ್ಟ ಒಂದು ಉಂಗುರ, ನಿಡೋ ಹಾಲಿನ ಪುಡಿಯ ಡಬ್ಬಿಗಳು. ಒಂದು ಡಬ್ಬಿಯಲ್ಲಿ ಈಗಲೂ ರಾಗಿ ಹಿಟ್ಟಿದೆ.

ಅವಳ ಜತೆ ಬಂದದ್ದು ಇನ್ನೊಂದಿತ್ತು. ಅದು ಕಾಣಿಸಲು ಸ್ವಲ್ಪ ದಿನ ಬೇಕಾಯಿತು. ಹೋಗುವಾಗ ಬಸ್ ಕಂಡಕ್ಟರ್ ಹತ್ತಿರ ಚಿಲ್ಲರೆ ಕೇಳಲು ಹೆದರುತ್ತಿದ್ದವಳು, ಬಂದ ಮೇಲೆ ಡ್ವಾಕ್ರಾ ಗುಂಪಿನಲ್ಲಿ ಎದ್ದು ನಿಂತು "ಪಾಸ್‌ಬುಕ್ಕು ಓದಿ ಹೇಳಿ, ಎಲ್ಲಾರ ಮುಂದೆ ಓದಿ" ಅಂದಳು. ತನ್ನ ದುಡ್ಡಿನ ಚೀಟಿ ಇನ್ನೊಬ್ಬರ ಹೆಸರಿಗೆ ಬರುವುದು ಅಂದರೇನು ಅಂತ ಅವಳಿಗೆ ಗೊತ್ತಿತ್ತು. ಸಂಘದ ಲೆಕ್ಕ ಹನ್ನೆರಡು ವರ್ಷ ಅವಳ ಕೈಯಲ್ಲೇ ಇತ್ತು, ಒಂದು ರೂಪಾಯಿ ಆಚೀಚೆ ಆಗಲಿಲ್ಲ.

ಇಷ್ಟನ್ನೂ ರಾಯದುರ್ಗದ ಆ ತಂದೆಗೆ ಹೇಳಿದೆ. ಆಮೇಲೆ ಹುಡುಗಿಯನ್ನೇ ಕರೆದುಕೊಂಡು ಬನ್ನಿ ಅಂದೆ. ಮುಂದಿನ ಭಾನುವಾರ ಬಂದಳು. ಕೈಯಲ್ಲಿ ಒಂದು ಫೈಲು, ಮುಖದಲ್ಲಿ ಜಗಳಕ್ಕೆ ತಯಾರಾಗಿ ಬಂದ ಕಳೆ. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಜರ್ಮನ್ ಕಲಿಯುತ್ತಿದ್ದಾಳೆ. ಮನೆಯಲ್ಲಿ ಕನ್ನಡ, ಆಫೀಸಿನಲ್ಲಿ ತೆಲುಗು, ಬೀದಿಯಲ್ಲಿ ಉರ್ದು, ಕಾಲೇಜಿನಲ್ಲಿ ಇಂಗ್ಲಿಷು. ಗಡಿ ಮಕ್ಕಳಿಗೆ ಐದನೆಯ ಭಾಷೆ ಅಂದರೆ ಅಂಥ ಭಯವಿಲ್ಲ. ಎರಡು ರಾಜ್ಯದ ನಡುವೆ ಹುಟ್ಟಿದ್ದಕ್ಕೆ ನಮಗೆ ಸಿಕ್ಕಿರುವುದು ಇದೊಂದೇ ಏನೋ.

ಅವಳು ಹೋಗುತ್ತೇನೆ ಅನ್ನುವ ಕೆಲಸಕ್ಕೆ ‘ಓಪೇರ್’ ಅನ್ನುತ್ತಾರಂತೆ. ಫ್ರೆಂಚ್ ಮಾತು, ಅರ್ಥ ‘ಸರಿಸಮ’. ಅಂದರೆ ಆಳಲ್ಲ, ಒಂದು ವರ್ಷದ ಮಟ್ಟಿಗೆ ಮನೆಯವರಲ್ಲೊಬ್ಬಳು. 1969ರಲ್ಲೇ ಯುರೋಪಿನ ದೇಶಗಳು ಸ್ಟ್ರಾಸ್‌ಬರ್ಗ್‌ನಲ್ಲಿ ಇದಕ್ಕೊಂದು ಒಪ್ಪಂದ ಬರೆದಿದ್ದವು. ಜರ್ಮನಿಯ ನಿಯಮವನ್ನು ಅವಳ ಫೈಲಿನಲ್ಲಿ ಓದಿದೆ. ಅರ್ಜಿ ಹಾಕುವಾಗ ವಯಸ್ಸು 18 ತುಂಬಿರಬೇಕು, 27 ತುಂಬಿರಬಾರದು. ಜರ್ಮನ್ ಭಾಷೆಯ ಮೊದಲ ಮೆಟ್ಟಿಲು, ಎ1, ಬಂದಿರಬೇಕು. ದಿನಕ್ಕೆ ಆರು ಗಂಟೆ, ವಾರಕ್ಕೆ 30 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಪ್ರತ್ಯೇಕ ಕೋಣೆ, ಊಟ, ವಿಮೆ ಆ ಮನೆಯವರದು. ಭಾಷೆಯ ತರಗತಿಗೆ ಹೋಗಲು ಬಿಡುವು ಕೊಡಬೇಕು, ಅದಕ್ಕೆ ತಿಂಗಳಿಗೆ 70 ಯೂರೋ ಕೊಡಬೇಕು. ಕೈಖರ್ಚಿಗೆ 280 ಯೂರೋ.

ತಂದೆ ಅಲ್ಲೇ ಲೆಕ್ಕ ಹಾಕಿದರು. "ಇಷ್ಟಕ್ಕ ಅಲ್ಲಿಗೆ ಹೋಗಬೇಕೇನ್ರಿ? ವಿಮಾನದ ಚಾರ್ಜೂ ನಾವಾ ಹಾಕ್ಬೇಕು!"

ಅವರ ಲೆಕ್ಕ ತಪ್ಪಲ್ಲ. ಓಪೇರ್ ಕೆಲಸದಿಂದ ಯಾರೂ ಮನೆ ಕಟ್ಟಿಸುವುದಿಲ್ಲ. ವರ್ಷದ ಮೇಲೆ ಮತ್ತೆ ಅದೇ ವೀಸಾ ಕೊಡುವುದೂ ಇಲ್ಲ. ಸಿಗುವುದು ಭಾಷೆ, ಅಲ್ಲಿನ ರೀತಿನೀತಿ, ತನ್ನ ಕಾಲ ಮೇಲೆ ಒಂದು ವರ್ಷ. ಆಮೇಲೆ ಬೇರೆ ವೀಸಾ ಪಡೆದು, ಭಾಷೆಯನ್ನು ಇನ್ನೂ ಚೆನ್ನಾಗಿ ಕಲಿತು, ಅಲ್ಲೇ ನರ್ಸಿಂಗ್ ತರಬೇತಿಗೆ ಸೇರುವವರಿದ್ದಾರೆ. ಇವಳ ಮನಸ್ಸಿನಲ್ಲಿರುವುದೂ ಅದೇ. ನಮ್ಮಮ್ಮನ ದುಡಿಮೆಯಲ್ಲಿ ಲಾಭವೆಲ್ಲ ಮನೆಗೆ ಬಂತು, ಅವಳಿಗೆ ಉಳಿದದ್ದು ಅವಳೇ ಕಿತ್ತುಕೊಂಡ ಧೈರ್ಯ. ಈ ಹುಡುಗಿಯದರಲ್ಲಿ ಮನೆಗೆ ಕಾಸಿನ ಲಾಭವಿಲ್ಲ, ಇರುವುದೆಲ್ಲ ಅವಳದೇ. ತಂದೆ ಒಪ್ಪದಿರಲು ನಿಜವಾದ ಕಾರಣ ಅದೇನಾ ಅಂತ ನನಗೆ ಅನುಮಾನ ಬಂತು, ಕೇಳಲಿಲ್ಲ.

ಅಷ್ಟು ಹೊತ್ತೂ ಅಮ್ಮ ಕಂಬಕ್ಕೊರಗಿ ಹುಣಸೆಹಣ್ಣು ಬಿಡಿಸುತ್ತಿದ್ದಳು. ಈಗ ಬಾಯಿ ತೆರೆದಳು.

"ಪಾಸ್‌ಪೋರ್ಟು ಯಾರತ್ರ ಇರ್ತೈತಮ್ಮಣ್ಣಿ?"

"ನನ್ನ ಹತ್ರಾನೇ ಅಜ್ಜಿ."

"ಬಾಗಿಲಿನ ಬೀಗದ ಕೈ?"

"ಒಂದು ನನಗೂ ಕೊಡ್ತಾರೆ."

"ತಿರುಗಿ ಬರೋ ಟಿಕೀಟಿನ ದುಡ್ಡು?"

ಹುಡುಗಿ ಸುಮ್ಮನಾದಳು. ಅದನ್ನು ಅವಳು ಯೋಚಿಸಿರಲಿಲ್ಲ. "ಅದನ್ನ ಮೊದ್ಲು ಬ್ಯಾಂಕಲ್ಲಿ ಇಡು, ನಿನ್ನ ಹೆಸರಿಗೆ. ಅದುನ್ನ ಮುಟ್ಟಬ್ಯಾಡ" ಅಂದಳು ಅಮ್ಮ. ನನಗೆ ಲಂಡನ್ನಿನ ಹ್ಯಾಕ್ನಿಯಲ್ಲಿದ್ದ ಆಯಾಗಳ ಮನೆ ನೆನಪಾಯಿತು. ಬ್ರಿಟಿಷರ ಕಾಲದಲ್ಲಿ ದೊರೆಸಾನಿಯರ ಮಕ್ಕಳನ್ನು ನೋಡಿಕೊಳ್ಳುತ್ತ ಹಡಗಿನಲ್ಲಿ ಹೋದ ನಮ್ಮ ದೇಶದ ಆಯಾಗಳನ್ನು ಕೆಲವರು ಅಲ್ಲೇ ಕೈಬಿಡುತ್ತಿದ್ದರು. ವಾಪಸ್ ಬರುವ ದಾರಿಖರ್ಚಿಲ್ಲದ ಅಂಥವರು ತಂಗುತ್ತಿದ್ದ ಮನೆ ಅದು. 2022ರಲ್ಲಿ ಆ ಕಟ್ಟಡಕ್ಕೆ ನೀಲಿ ಫಲಕ ಹಾಕಿದ್ದಾರೆ. ನಮ್ಮಮ್ಮ ಅದನ್ನು ಓದಿದವಳಲ್ಲ.

ಕುವೈತ್‌ಗೇ ಹೋಗಬೇಕು ಅನ್ನುವವರು ನಮ್ಮ ಸೀಮೆಯಲ್ಲಿ ಈಗಲೂ ಇದ್ದಾರೆ, ಅವರಿಗಾಗಿ ಎರಡು ಮಾತು. 2015ರಲ್ಲಿ ಅಲ್ಲಿ ಮನೆಗೆಲಸದವರಿಗೆ ಕಾನೂನು ಬಂದಿದೆ. ದಿನಕ್ಕೆ ಹನ್ನೆರಡು ಗಂಟೆ ಮೀರುವಂತಿಲ್ಲ, ವಾರಕ್ಕೊಂದು ರಜೆ ಕೊಡಬೇಕು, ಪಾಸ್‌ಪೋರ್ಟು ಕಿತ್ತಿಟ್ಟುಕೊಳ್ಳುವಂತಿಲ್ಲ. ನಮ್ಮ ದೇಶದ ಕಡೆಯಿಂದ, ಹತ್ತನೇ ತರಗತಿ ಪಾಸಾಗದ, ಮೂವತ್ತು ತುಂಬದ ಹೆಂಗಸರನ್ನು ಗಲ್ಫಿನ ಮನೆಗೆಲಸಕ್ಕೆ ಬಿಡುವುದಿಲ್ಲ. ಮೂವತ್ತಾದವರೂ ಸರ್ಕಾರಿ ಸಂಸ್ಥೆಯ ಮೂಲಕವೇ ಹೋಗಬೇಕು. ವಿಸಿಟ್ ವೀಸಾ ಕೊಡಿಸುತ್ತೇನೆ, ಅಲ್ಲಿ ಹೋದ ಮೇಲೆ ಬದಲಾಯಿಸೋಣ ಅನ್ನುವವನ ಹತ್ತಿರ ಕಾಸು ಕೊಡಬೇಡಿ. ಹತ್ತನೇ ತರಗತಿ ಪಾಸು ಮಾಡಿಸುವುದೇ ಮಗಳಿಗೆ ಕೊಡಿಸುವ ಮೊದಲ ವೀಸಾ ಅಂತ ಪೋಷಕರ ಸಭೆಯಲ್ಲಿ ನಾನು ಹೇಳುವುದುಂಟು. ನಗುತ್ತಾರೆ, ಆದರೂ ಹೇಳುತ್ತೇನೆ.

ಹೊರಡುವ ಮುಂಚೆ ಹುಡುಗಿ ಅಮ್ಮನನ್ನು ಕೇಳಿದಳು, "ಅಜ್ಜಿ, ಭಾಷೆ ಬರದೇ ಇದ್ದಾಗ ಆ ಮಗು ಅತ್ತರೆ ಏನ್ ಮಾಡ್ತಿದ್ರಿ?"

"ಏನ್ ಮಾಡಾನಾ. ಎತ್ಕೊಂಡು ಹಾಡ್ತಿದ್ದೆ, ಕನ್ನಡದಾಗೇ. ನಮ್ ಹುಡುಗನಿಗೆ ಹಾಡ್ತಿದ್ದುದ್ನೇ. ಅದು ಮಲಗೋದು. ಆಮ್ಯಾಕೆ ನನಗೆ ನಿದ್ದೆ ಬತ್ತಿರ್ಲಿಲ್ಲ."

ಮಗಳಾದ ನಾನು ಇದನ್ನು ಅವಳಿಂದ ಯಾವತ್ತೂ ಕೇಳಿರಲಿಲ್ಲ. ಕೇಳಿದ್ದರೆ ಹೇಳುತ್ತಿದ್ದಳೋ ಏನೋ.

ಆ ತಂದೆ ಹೋಗುವಾಗ ಹೂಂ ಅನ್ನಲೂ ಇಲ್ಲ, ಉಹುಂ ಅನ್ನಲೂ ಇಲ್ಲ. ಎರಡು ತಿಂಗಳಾದ ಮೇಲೆ ಫೋನ್ ಮಾಡಿ, ಪರೀಕ್ಷೆ ಫೀಜು ಕಟ್ಟೀನ್ರಿ, ಟಿಕೆಟಿನ ದುಡ್ಡು ಅಕೀ ಹೆಸರಿಗೇ ಇಟ್ಟೀನ್ರಿ ಅಂದರು. ಹುಡುಗಿ ಎ1 ಪಾಸಾಗಿದ್ದಾಳೆ. ಇದನ್ನು ಬರೆಯುವ ಹೊತ್ತಿಗೆ ವೀಸಾ ಇನ್ನೂ ಬಂದಿಲ್ಲ. ಅಮ್ಮ ಪ್ರತಿ ಭಾನುವಾರ ನನ್ನನ್ನು ಕೇಳುತ್ತಾಳೆ, "ಬಂತಾ?"