ಕರೆದರೂ ಮರಳದವಳು

ತುಮಕೂರಿನಲ್ಲಿ ಓದುವ ತಮ್ಮನ ಮಗಳು ರಜೆಗೆ ತಿಪಟೂರಿಗೆ ಬಂದಿದ್ದಳು. ಮೊಬೈಲು ಹಿಡಿದುಕೊಂಡು ಬಂದು, 'ಫುಪ್ಪು, ಇದೊಂದು ಕಂತು ನೋಡಿ, ಸಾಕು' ಎಂದಳು. 'ಸ್ಟಾರ್ ವಾರ್ಸ್: ದಿ ಕ್ಲೋನ್ ವಾರ್ಸ್' ಎಂಬ ಕಾರ್ಟೂನ್ ಧಾರಾವಾಹಿ. ಆಕಾಶದಲ್ಲಿ ಹಡಗು ಹಾರಿಸುವ ಕಥೆಗಳೆಂದರೆ ನನಗೆ ಅಷ್ಟಕ್ಕಷ್ಟೆ. ಹುಡುಗಿಯ ಮನಸ್ಸು ನೋಯಿಸಬಾರದೆಂದು ಕೂತೆ.

ಜೆಡಾಯ್ ಎಂಬುದು ಕತ್ತಿ ಹಿಡಿದ ಸನ್ಯಾಸಿಗಳ ಪಂಥ. ಮದುವೆಯಿಲ್ಲ, ಮನೆಯಿಲ್ಲ. ಮಕ್ಕಳನ್ನು ಎಳವೆಯಲ್ಲೇ ತಂದು ಬೆಳೆಸುತ್ತಾರೆ. ಅಸೋಕಾ ಹಾಗೆ ಬಂದ ಹುಡುಗಿ. ಪಂಥದ ಮಂದಿರದಲ್ಲಿ ಬಾಂಬ್ ಸಿಡಿದಾಗ ಆರೋಪ ಅವಳ ತಲೆಗೆ ಬರುತ್ತದೆ. ಹಿರಿಯರ ಮಂಡಳಿ ಅವಳನ್ನು ಹೊರಹಾಕಿ ವಿಚಾರಣೆಗೆ ಒಪ್ಪಿಸುತ್ತದೆ. ತಪ್ಪು ಮಾಡಿದವಳು ಅವಳ ಗೆಳತಿ ಬ್ಯಾರಿಸ್ ಎಂದು ಗುರು ಅನಾಕಿನ್ ಪತ್ತೆ ಮಾಡುತ್ತಾನೆ. 2013ರ ಮಾರ್ಚಿನಲ್ಲಿ ಪ್ರಸಾರವಾದ ಆ ಕಂತಿನಲ್ಲಿ ಹಿರಿಯರು ಅವಳ ಕ್ಷಮೆ ಕೇಳುತ್ತಾರೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಏನಾಗುತ್ತಿತ್ತೋ! ಇದೇ ನಿನ್ನ ದೊಡ್ಡ ಪರೀಕ್ಷೆಯಾಗಿತ್ತು, ಇದರಿಂದ ನೀನು ಇನ್ನೂ ದೊಡ್ಡವಳಾದೆ ಎಂದೂ ಸೇರಿಸುತ್ತಾರೆ. ಅನಾಕಿನ್ ಶಿಷ್ಯತ್ವದ ಮಣಿಸರವನ್ನು ಮುಂದೆ ಚಾಚುತ್ತಾನೆ. ಅವಳು ಅವನ ಬೆರಳುಗಳನ್ನು ಮಡಿಸಿ, ಮೆಟ್ಟಿಲಿಳಿದು ಹೋಗುತ್ತಾಳೆ.

'ನಿಲ್ಲಿಸು' ಎಂದೆ.

ಈ ಹುಡುಗಿಯ ಅಬ್ಬಾ, ಅಂದರೆ ನನ್ನ ತಮ್ಮ, ಎಂಟನೆಯ ವಯಸ್ಸಿಗೆ ಹಿಫ್ಜ್ ಮಾಡಲೆಂದು ದೂರದ ಊರಿನ ವಸತಿ ಮದರಸ ಸೇರಿದ್ದ. 1999ರಲ್ಲಿ, ಅವನಿಗೆ ಹದಿನಾರಾಗಿದ್ದಾಗ, ಅಲ್ಲಿ ಚಂದಾ ಹಣ ಕಾಣೆಯಾಯಿತು. ಕಳ್ಳನೆಂದು ಇವನನ್ನು ಮನೆಗೆ ಕಳಿಸಿದರು. ತಿಂಗಳ ನಂತರ ಹಣ ಸಿಕ್ಕಿತು. ಹಿರಿಯರೊಬ್ಬರು ಆಗ ನಾವಿದ್ದ ತುರುವೇಕೆರೆಯ ಮನೆಗೇ ಬಂದರು. ತಪ್ಪಾಯಿತು ಎಂದರು. ಇದು ಅಲ್ಲಾಹನ ಆಜ್ಮಾಯಿಷ್, ಹುಡುಗ ಗೆದ್ದ ಎಂದೂ ಹೇಳಿದರು. ಅಬ್ಬಾನ ಸಂತೋಷ ಕೇಳಬೇಡಿ. ತಮ್ಮ ಮಾತ್ರ ಅಟ್ಟದಿಂದ ಇಳಿಯಲೇ ಇಲ್ಲ. 'ಕ್ಷಮೆ ಕೇಳಿದರಲ್ಲ, ಇನ್ನೇನು ಬೇಕು ನಿನಗೆ? ಹೊರಡು' ಎಂದು ಏಣಿಯ ಕೆಳಗೆ ನಿಂತು ಕೂಗಿದವಳು ನಾನೇ. ಇಪ್ಪತ್ತು ವರ್ಷಕ್ಕೂ ಮೀರಿ ಅವನನ್ನು ಹಟಮಾರಿ ಎಂದುಕೊಂಡೇ ಇದ್ದೆ.

ನಮ್ಮ ಕಡೆ ಸಿಪ್ಪೆ ಸಮೇತ ಕಾಯಿಯನ್ನು ಹತ್ತು ಹನ್ನೆರಡು ತಿಂಗಳು ಅಟ್ಟದ ಮೇಲೆ ಬಿಡುತ್ತಾರೆ. ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು, ಅಲ್ಲಾಡಿಸಿದರೆ ಲೊಟಲೊಟ ಎನ್ನಬೇಕು. ಅಂಥ ಕಾಯಿ ಒಡೆದರೆ ಕೊಬ್ಬರಿ ಉಂಡೆಯಾಗಿಯೇ ಕೈಗೆ ಬರುತ್ತದೆ. ಒಮ್ಮೆ ಬಿಟ್ಟ ಕೊಬ್ಬರಿಯನ್ನು ಚಿಪ್ಪಿಗೆ ಮತ್ತೆ ಅಂಟಿಸಿದವರನ್ನು ತಿಪಟೂರಿನ ಮಂಡಿಯಲ್ಲೂ ನಾನು ಕಂಡಿಲ್ಲ.

ಮುಂದಿನ ಕಥೆಗಳಲ್ಲಿ ಅಸೋಕಾ ತಾನು ಜೆಡಾಯ್ ಅಲ್ಲ ಎನ್ನುತ್ತಲೇ ಜನರಿಗಾಗಿ ಹೋರಾಡುತ್ತಾಳಂತೆ. ತಮ್ಮನೂ ಹಾಫಿಜ್ ಆಗಲಿಲ್ಲ. ಆದರೆ ಕಂಠಪಾಠವಾಗಿದ್ದ ಇಪ್ಪತ್ತೆರಡು ಪಾರಾಗಳನ್ನು ಪ್ರತಿ ರಮಜಾನಿನಲ್ಲಿ ಒಬ್ಬನೇ ಕೂತು, ಮೆಲ್ಲನೆ ಓದಿ ಮುಗಿಸುತ್ತಾನೆ. ಪಕ್ಕದ ಮನೆಯಲ್ಲಿರುವ ನನಗೆ ಅದು ಕೇಳಿಸುತ್ತಲೇ ಇತ್ತು.

ಮರುದಿನ ಅವನು ಕಾಯಿ ಸುಲಿಸುತ್ತಿದ್ದ ಕಡೆಗೆ ಹೋದೆ. 'ಆವತ್ತು ನಿನಗೆ ಹೋಗು ಅನ್ನಬಾರದಿತ್ತು' ಎಂದೆ. ಅವನು ಕೈಯಲ್ಲಿದ್ದ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಇನ್ನೂ ನೀರಿತ್ತೋ ಏನೋ, ಬದಿಗಿಟ್ಟ.

'ಕೂತ್ಕೊಳ್ಳಿ ಆಪಾ, ಚಹಾ ತರಿಸ್ತೀನಿ' ಎಂದ.