ಬಂಡೆಯಡಿಯ ಕತ್ತಲಿಗೆ ಎರಡನೆಯ ದೀಪ

ಗಂಗಾವತಿಯಿಂದ ಆನೆಗೊಂದಿಯ ಕಡೆಗೆ ಹೊರಟರೆ ದಾರಿಯುದ್ದಕ್ಕೂ ಭತ್ತದ ಗದ್ದೆ, ಬಾಳೆಯ ತೋಟ. ಅವುಗಳ ಹಿಂದೆ, ಯಾರೋ ತಂದು ಒಟ್ಟಿದಂತೆ ಬಂಡೆಗಳ ರಾಶಿ. ಅಂಜನಾದ್ರಿಯಿಂದ ಇನ್ನೂ ಮುಂದೆ ಹೋದರೆ ಸಣಾಪುರ. ಒಂದೆಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ನಿಂತ ಕೆರೆ, ಇನ್ನೊಂದೆಡೆ ಬಂಡೆಗಳ ನಡುವೆ ನುಸುಳಿ ಹರಿಯುವ ನದಿ. ಹರಿಗೋಲಿನಲ್ಲಿ ಕುಳಿತವರಿಗೆ ಕಾಣುವುದು ನೀರಿನ ಮೇಲಣ ಚೆಲುವು ಮಾತ್ರ.

ಇಲ್ಲಿನ ಗ್ರಾನೈಟ್ ಶಿಲೆ ಸುಮಾರು 250 ಕೋಟಿ ವರ್ಷ ಹಳೆಯದು. ಬಿರುಕುಗಳಲ್ಲಿ ನೀರಿಳಿದು, ಮೂಲೆಗಳು ಸವೆದು, ಬಂಡೆಗಳು ಗುಂಡಾಗಿವೆ. ಗುಂಡುಗಳ ನಡುವೆ ದಡದಲ್ಲಿ ಗವಿಗಳಿರುವಂತೆ ನೀರಿನಡಿಯಲ್ಲೂ ಇವೆ. ಹರಿವು ಅವುಗಳೊಳಕ್ಕೆ ಸೆಳೆಯುತ್ತದೆ. 2025ರ ಫೆಬ್ರುವರಿಯಲ್ಲಿ ಸಣಾಪುರದ ಬಳಿ ಬಂಡೆಯ ಮೇಲಿಂದ ನದಿಗೆ ಹಾರಿದ ಪ್ರವಾಸಿಯೊಬ್ಬರು ನೀರುಪಾಲಾದರು. ಹುಡುಕಿದವರಿಗೆ ದೇಹ ಸಿಕ್ಕಿದ್ದು ಮರುದಿನ.

ಇಂಥ ಜಾಗದಲ್ಲಿ ಮುಳುಗಿ ಹುಡುಕುವವರಿಗೆ ಬೆಳಕಿನದೇ ಚಿಂತೆ. ಸೂರ್ಯನ ಬೆಳಕಿನಲ್ಲಿರುವ ಕೆಂಪು ಬಣ್ಣವನ್ನು ನೀರು ಮೊದಲ ಕೆಲವೇ ಮೀಟರುಗಳಲ್ಲಿ ಹೀರಿಬಿಡುತ್ತದೆ. ಇನ್ನೂ ಆಳದಲ್ಲಿ ಉಳಿಯುವುದು ಹಸಿರು, ನೀಲಿ. ಬಂಡೆಯ ಮರೆಯಲ್ಲಿ ಅದೂ ಇಲ್ಲ. ಟಾರ್ಚು ಹೊತ್ತಿಸಿದರೂ ರಾಡಿ ನೀರಿನಲ್ಲಿ ಮಣ್ಣಿನ ಕಣಗಳು ಬೆಳಕನ್ನು ಚದುರಿಸಿ ಕಣ್ಣಿಗೇ ಹಿಂದಿರುಗಿಸುತ್ತವೆ. ಮಂಜಿನಲ್ಲಿ ಬಸ್ಸಿನ ಹೆಡ್‌ಲೈಟು ಹಾಕಿದಂತೆಯೇ ಇದು.

ಆ ಒಂದು ಟಾರ್ಚೂ ಆರಿದರೆ? ಬ್ಯಾಟರಿ ಮುಗಿಯಬಹುದು, ರಬ್ಬರು ಬಿರುಕು ಬಿಟ್ಟು ನೀರು ಒಳಹೋಗಬಹುದು. ಆದ್ದರಿಂದಲೇ ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ರಾತ್ರಿ ಮುಳುಗುವ ಸ್ಕೂಬಾ ಈಜುಗಾರ ಕನಿಷ್ಠ ಎರಡು ದೀಪ ಒಯ್ಯಬೇಕು. ನೀರೊಳಗಿನ ಗುಹೆ ಹೊಕ್ಕುವವನಿಗೆ ಮೂರು. ಮೀಸಲು ದೀಪ ಚಿಕ್ಕದಾದರೂ ಸರಿ, ಯಾವ ಕೈಗಾದರೂ ಎಟುಕುವಂತೆ ಎದೆಯ ಪಟ್ಟಿಗೆ ಬಿಗಿದಿರಬೇಕು. ನೀರಿಗಿಳಿಯುವ ಮೊದಲು ಒಮ್ಮೆ ಹೊತ್ತಿಸಿ ನೋಡಬೇಕು. ಮುಖ್ಯ ದೀಪ ಕೆಟ್ಟರೆ ಜೊತೆಗಾರನಿಗೆ ಸನ್ನೆ ಮಾಡಿ ತಿರುಗಬೇಕು. ಎರಡನೆಯ ದೀಪ ಇರುವುದು ಮುಂದೆ ಹೋಗಲಿಕ್ಕಲ್ಲ, ಹಿಂದಿರುಗಲಿಕ್ಕೆ.

ದೀಪಗಳೇ ಸಾಲದ ಕಡೆ ಹಗ್ಗ ಬೇಕು. 2018ರಲ್ಲಿ ಥಾಯ್ಲೆಂಡಿನ ಥಾಮ್ ಲುವಾಂಗ್ ಗುಹೆಯಲ್ಲಿ ಸಿಲುಕಿದ 12 ಹುಡುಗರನ್ನೂ ಅವರ ತರಬೇತುದಾರನನ್ನೂ ಹೊರತಂದ ಮುಳುಗುಗಾರರು ಕೈಯೆದುರಿನದೂ ಕಾಣದ ಕೆಸರು ನೀರಿನಲ್ಲಿ ಹಗ್ಗ ಹಿಡಿದೇ ದಾರಿ ಕಂಡುಕೊಂಡರು.

ಕನ್ನಡನಾಡಿನಲ್ಲಿ ಸ್ಕೂಬಾಕ್ಕೆ ಹೆಸರಾದದ್ದು ಮುರ್ಡೇಶ್ವರದಿಂದ ದೋಣಿಯಲ್ಲಿ ಹೋಗುವ ನೇತ್ರಾಣಿ ದ್ವೀಪ. ಹಗಲಲ್ಲೂ ಅಲ್ಲಿನ ಬಂಡೆಯ ಸಂದಿಗೆ ಟಾರ್ಚು ಹಿಡಿದರೆ ನೀಲಿಯಲ್ಲಿ ಅಡಗಿದ್ದ ಕೆಂಪು, ಹಳದಿಗಳು ಎದ್ದು ಕಾಣುತ್ತವೆ. ಆದರೆ ಅಲ್ಲಿ ತರಬೇತಿ ಪಡೆದ ಮಾರ್ಗದರ್ಶಕರು ಜೊತೆಗಿರುತ್ತಾರೆ. ಸಣಾಪುರದಲ್ಲಿ ಬಂಡೆಯಿಂದ ಹಾರುವವರಿಗೆ ಒಂದು ದೀಪವೂ ಇಲ್ಲ, ಹಗ್ಗವೂ ಇಲ್ಲ.

ಮಳೆಗಾಲದಲ್ಲಿ ಹೊಸ ನೀರು ಬಂದು ಜಲಾಶಯದ ಬಾಗಿಲು ತೆರೆದಾಗ ನದಿಯ ರಭಸ ಹೆಚ್ಚುತ್ತದೆ. ಬೇಸಿಗೆಯಲ್ಲಿ ಶಾಂತವಾಗಿ ಕಂಡರೂ ಅಡಿಯ ಗವಿಗಳು ಅಲ್ಲೇ ಇರುತ್ತವೆ. ಸಣಾಪುರಕ್ಕೆ ಹೋಗುವವರು ಜೀವರಕ್ಷಕ ಜಾಕೀಟು ತೊಟ್ಟು ಹರಿಗೋಲು ಹತ್ತಲಿ, ದಡದಲ್ಲಿ ಕುಳಿತು ಸಂಜೆಯ ಬಣ್ಣ ನೋಡಲಿ. ತಳ ಕಾಣದ ನೀರಿಗೆ ಮಾತ್ರ ಹಾರದಿರಲಿ.